ಹಣ ಕಟ್ಟುವ ಮುನ್ನ ಕಂಪನಿಯ ಜಾತಕ ನೋಡುವುದು ಹೇಗೆ?



ಕಳೆದ ತಿಂಗಳ ಸಭೆ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ತಾಳವಾಡಿ ಸೀಮೆಯ ಸದಸ್ಯರೊಬ್ಬರು ನಾಲ್ಕು ಮಡಿಕೆ ಮಾಡಿದ ಕರಪತ್ರವೊಂದನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ಒಳ್ಳೆಯ ಕಾಗದ, ಬಣ್ಣದ ಅಚ್ಚು, ತಪ್ಪಿಲ್ಲದ ಕನ್ನಡ. ಈರೋಡು ಜಿಲ್ಲೆಯ ಈ ಮೂಲೆಯಲ್ಲಿ ಕನ್ನಡದಲ್ಲಿ ಅಚ್ಚಾದ ಕಾಗದ ನಮ್ಮ ಕೈಗೆ ಬರುವುದೇ ಅಪರೂಪ. ಹಾಗಾಗಿ ಕನ್ನಡ ಕಂಡ ಕೂಡಲೇ ಅರ್ಧ ನಂಬಿಕೆ ತಾನಾಗಿಯೇ ಬಂದುಬಿಡುತ್ತದೆ. ಗಿಡಮೂಲಿಕೆ ತೋಟದ ಯೋಜನೆಯಂತೆ. 1 ಲಕ್ಷ ರೂಪಾಯಿ ಕಟ್ಟಿದರೆ ತಿಂಗಳಿಗೆ 5,000, ಎರಡು ವರ್ಷಕ್ಕೆ ಅಸಲು ವಾಪಸ್. ಕೆಳಗೆ ದಪ್ಪ ಅಕ್ಷರದಲ್ಲಿ ‘ಕೇಂದ್ರ ಸರ್ಕಾರದಲ್ಲಿ ನೋಂದಾಯಿತ ಕಂಪನಿ’.

ಅವರ ಕೈಯಲ್ಲಿ ಅರಿಸಿನ ಮಾರಿದ ದುಡ್ಡಿತ್ತು. ಬರುವ ವರ್ಷ ಮಗಳ ಮದುವೆ. “ಕಟ್ಟದಾ ಬ್ಯಾಡ್ವಾ, ನೀವೇ ಹೇಳಿ ಸಾ” ಎಂದರು. ನಾವು ಎಂಟು ದಿನ ಗಡುವು ಕೇಳಿದೆವು. ಆ ಎಂಟು ದಿನದಲ್ಲಿ ಗ್ರಂಥಾಲಯದಲ್ಲಿ ಕುಳಿತು ಏನೇನು ನೋಡಿದೆವು, ಹೇಗೆ ನೋಡಿದೆವು ಎಂಬುದನ್ನು ಎಲ್ಲ ಗಡಿ ಊರುಗಳ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಬರೆದಿಡುತ್ತಿದ್ದೇವೆ. ಆ ಕಂಪನಿಯ ಹೆಸರು ಇಲ್ಲಿ ಬೇಡ.

ಮೊದಲು ಒಂದು ಮಾತು. ಕಂಪನಿಯ ನೋಂದಣಿ ಬೇರೆ, ಜನರಿಂದ ಠೇವಣಿ ಪಡೆಯುವ ಅನುಮತಿ ಬೇರೆ. ನೋಂದಣಿ ಪತ್ರವೆಂದರೆ ಕಂಪನಿಯ ಜನನ ಪ್ರಮಾಣಪತ್ರ, ಅಷ್ಟೇ. ಜನನ ಪ್ರಮಾಣಪತ್ರ ತೋರಿಸಿ ಬಸ್ಸು ಓಡಿಸುತ್ತೇನೆ ಎಂದರೆ ನಾವು ಹತ್ತುತ್ತೇವೆಯೇ? ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಆ ಪತ್ರ ನೋಡಿ ಹಣ ಕೊಟ್ಟವರು ನಮ್ಮ ಜಿಲ್ಲೆಯಲ್ಲೇ ಸಾವಿರಾರು ಜನ ಇದ್ದಾರೆ.

ಪೆರುಂದುರೈಯ ಈಮು ಹಕ್ಕಿಯ ಸಂಗತಿ ಹಲವರಿಗೆ ನೆನಪಿರಬಹುದು. ಸುಸಿ ಈಮು ಫಾರ್ಮ್ಸ್ ಎಂಬುದು ನೋಂದಾಯಿತ ಪ್ರೈವೇಟ್ ಲಿಮಿಟೆಡ್ ಕಂಪನಿ. ರೈತ ಒಂದೂವರೆ ಲಕ್ಷ ಕಟ್ಟಬೇಕು, ಮರಿ, ಶೆಡ್ಡು, ಮೇವು ಕಂಪನಿಯದು, ತಿಂಗಳಿಗೆ 6,000 ರೂಪಾಯಿ, ವರ್ಷಕ್ಕೊಮ್ಮೆ 20,000 ಬೋನಸ್ಸು. ಗುಮಾಸ್ತಗಿರಿ ಮಾಡಿದ ನಮಗೆ ಲೆಕ್ಕ ಹಾಕದೆ ಇರಲಾಗದು: ವರ್ಷಕ್ಕೆ 92,000, ಅಂದರೆ ನೂರಕ್ಕೆ ಅರವತ್ತೊಂದು. ಆಗ ಬ್ಯಾಂಕುಗಳು ಕೊಡುತ್ತಿದ್ದುದು ನೂರಕ್ಕೆ ಒಂಬತ್ತರ ಆಸುಪಾಸು. 2012ರ ಆಗಸ್ಟ್‌ನಲ್ಲಿ ಅದು ಕುಸಿಯಿತು. ಹಕ್ಕಿಗಳಿಗೆ ಮೇವು ಹಾಕುವವರಿಲ್ಲದೆ ಸರ್ಕಾರವೇ ಮುಂದಾಗಬೇಕಾಯಿತು. ತಮಿಳುನಾಡು ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಕೊಯಮತ್ತೂರಿನ ವಿಶೇಷ ನ್ಯಾಯಾಲಯದಲ್ಲಿ ಶಿಕ್ಷೆಯೂ ಆಯಿತು. ನೋಂದಣಿ ಪತ್ರ ಮಾತ್ರ ಕೊನೆಯವರೆಗೂ ಅಸಲಿಯೇ ಆಗಿತ್ತು.

ಪ್ರೈವೇಟ್ ಆದ್ದರಿಂದ ಹೀಗಾಯಿತು, ಪಬ್ಲಿಕ್ ಲಿಮಿಟೆಡ್ ಆದರೆ ಸರ್ಕಾರದ ಹಾಗೆ ಎಂದು ನಮ್ಮಲ್ಲಿ ಕೆಲವರ ಎಣಿಕೆ. ಇದೂ ತಪ್ಪು. 2013ರ ಕಂಪನಿ ಕಾಯ್ದೆಯ ಪ್ರಕಾರ ಪ್ರೈವೇಟ್ ಕಂಪನಿಗೆ ಕನಿಷ್ಠ 2, ಗರಿಷ್ಠ 200 ಸದಸ್ಯರು. ಅದು ತನ್ನ ಷೇರು ಕೊಳ್ಳಿ ಎಂದು ಸಾರ್ವಜನಿಕರನ್ನು ಕರೆಯುವಂತಿಲ್ಲ. ಪಬ್ಲಿಕ್ ಕಂಪನಿಗೆ ಕನಿಷ್ಠ 7 ಸದಸ್ಯರು, ಗರಿಷ್ಠ ಮಿತಿ ಇಲ್ಲ. ಇಲ್ಲಿ ಪಬ್ಲಿಕ್ ಎಂದರೆ ಸರ್ಕಾರಿ ಎಂದಲ್ಲ, ಷೇರುಪೇಟೆಯಲ್ಲಿ ಇದೆ ಎಂದೂ ಅಲ್ಲ. ಮೈಸೂರು ಸ್ಯಾಂಡಲ್ ಸೋಪು ಮಾಡುವ ಕೆಎಸ್‌ಡಿಎಲ್ ಕರ್ನಾಟಕ ಸರ್ಕಾರದ ಕಂಪನಿ. ಷೇರುಪೇಟೆಯಲ್ಲಿ ಅದರ ಷೇರು ಸಿಗುವುದಿಲ್ಲ. ಸತ್ಯಮಂಗಲದ ಆಲತ್ತುಕೊಂಬೈಯಲ್ಲೂ ನಂಜನಗೂಡಿನ ಅಳಗಂಚಿಯಲ್ಲೂ ಕಬ್ಬು ಅರೆಯುವ ಬಣ್ಣಾರಿ ಅಮ್ಮನ್ ಶುಗರ್ಸ್ ಖಾಸಗಿಯವರು ಕಟ್ಟಿದ್ದು, ಆದರೆ ಪಬ್ಲಿಕ್ ಲಿಮಿಟೆಡ್, ಷೇರುಪೇಟೆಯಲ್ಲೂ ಇದೆ. ಇನ್ನು ಪಿಎಸಿಎಲ್ ಕೂಡ ಪಬ್ಲಿಕ್ ಲಿಮಿಟೆಡ್ಡೇ, ಪೇಟೆಗೆ ಬಾರದ್ದು. ಜಮೀನು ಕೊಡಿಸುತ್ತೇವೆಂದು ದೇಶಾದ್ಯಂತ ಸುಮಾರು 5.85 ಕೋಟಿ ಜನರಿಂದ ಅದು ಎತ್ತಿದ 49,100 ಕೋಟಿ ರೂಪಾಯಿಯನ್ನು ಹಿಂತಿರುಗಿಸಬೇಕೆಂದು 2014ರ ಆಗಸ್ಟ್‌ನಲ್ಲಿ ಸೆಬಿ ಆದೇಶ ಮಾಡಿತು. 2016ರಲ್ಲಿ ಸುಪ್ರೀಂ ಕೋರ್ಟು ಅದಕ್ಕಾಗಿ ನ್ಯಾಯಮೂರ್ತಿ ಲೋಧಾ ಸಮಿತಿಯನ್ನೇ ನೇಮಿಸಬೇಕಾಯಿತು.

ಈಗ ಗ್ರಂಥಾಲಯದ ಕೆಲಸಕ್ಕೆ ಬರೋಣ. “ಮೊಬೈಲ್ ಇರುವಾಗ ಲೈಬ್ರರಿ ಯಾತಕ್ಕೆ?” ಎಂದು ಸಂಘದ ಹುಡುಗರು ನಕ್ಕರು. ಮೊಬೈಲಿನಲ್ಲಿ ಕಂಪನಿಯ ಹೆಸರು ಹೊಡೆದರೆ ಮೊದಲು ಬರುವುದು ಕಂಪನಿಯವರೇ ಹಾಕಿಸಿದ ಹೊಗಳಿಕೆ. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ಇರುತ್ತದೆ, ಆಕರ ಗ್ರಂಥ ಇರುತ್ತದೆ, ಇಂಗ್ಲಿಷ್ ನಮೂನೆ ಅರ್ಥವಾಗದಿದ್ದರೆ ಕೇಳಲು ಒಬ್ಬ ಮನುಷ್ಯರಿರುತ್ತಾರೆ. ತಮಿಳುನಾಡಿನಲ್ಲಿ 1948ರಿಂದ, ಕರ್ನಾಟಕದಲ್ಲಿ 1965ರಿಂದ ಗ್ರಂಥಾಲಯ ಕಾಯ್ದೆ ಇದೆ; ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಕಟ್ಟಿದ ಮೇಲೆ ಉಪಯೋಗಿಸಲು ಸಂಕೋಚವೇಕೆ? ನಮ್ಮವರಿಗೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ದಾಟಿ ಈರೋಡಿಗೆ ಹೋಗುವುದಕ್ಕಿಂತ ಚಾಮರಾಜನಗರದ ಜಿಲ್ಲಾ ಕೇಂದ್ರ ಗ್ರಂಥಾಲಯ ಹತ್ತಿರ. ಆದರೆ ಒಂದೇ ಕಡೆ ನೋಡಿದರೆ ಸಾಲದು. ಯಾಕೆಂದು ಮುಂದೆ ಹೇಳುತ್ತೇವೆ.

ಕರಪತ್ರದಲ್ಲಿ ಮೊದಲು ಹುಡುಕಬೇಕಾದದ್ದು ಸಿಐಎನ್ ಎಂಬ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ. ಕಂಪನಿಯ ಪತ್ರ, ಬಿಲ್ಲು, ನೋಟಿಸುಗಳ ಮೇಲೆ ಇದೂ ನೋಂದಾಯಿತ ಕಚೇರಿಯ ವಿಳಾಸವೂ ಇರಲೇಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮ ಸದಸ್ಯರು ತಂದ ಕರಪತ್ರದಲ್ಲಿ ಅದೇ ಇರಲಿಲ್ಲ.

ಈ ಸಂಖ್ಯೆಯನ್ನು ಓದುವುದು ಪಹಣಿ ಓದುವುದಕ್ಕಿಂತ ಸುಲಭ. ಹೊಸೂರಿನ ಸದಸ್ಯರಿಗೆ ಪರಿಚಯವಿರುವ ಟೈಟಾನ್ ಕಂಪನಿಯದನ್ನೇ ತೆಗೆದುಕೊಳ್ಳಿ: ಎಲ್ 74999 ಟಿಝಡ್ 1984 ಪಿಎಲ್‌ಸಿ 001456. ಮೊದಲ ಅಕ್ಷರ ‘ಎಲ್’ ಎಂದರೆ ಷೇರುಪೇಟೆಯಲ್ಲಿ ಇದೆ ಎಂದರ್ಥ; ಇಲ್ಲದಿದ್ದರೆ ‘ಯು’. ನಂತರದ ಐದು ಅಂಕಿ ಉದ್ಯಮದ ಬಗೆ. ಆಮೇಲಿನ ಎರಡು ಅಕ್ಷರ ರಾಜ್ಯ. 1984 ಹುಟ್ಟಿದ ವರ್ಷ. ‘ಪಿಎಲ್‌ಸಿ’ ಎಂದರೆ ಪಬ್ಲಿಕ್, ‘ಪಿಟಿಸಿ’ ಎಂದರೆ ಪ್ರೈವೇಟ್, ‘ಎಸ್‌ಜಿಸಿ’ ಎಂದರೆ ರಾಜ್ಯ ಸರ್ಕಾರದ್ದು. ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ.

ರಾಜ್ಯದ ಅಕ್ಷರದ ಹತ್ತಿರ ಗಡಿನಾಡಿನವರು ಸ್ವಲ್ಪ ನಿಲ್ಲಬೇಕು. ಕರ್ನಾಟಕಕ್ಕೆ ‘ಕೆಎ’, ಕೇರಳಕ್ಕೆ ‘ಕೆಎಲ್’, ತಮಿಳುನಾಡಿಗೆ ‘ಟಿಎನ್’. ಆದರೆ ಕೊಯಮತ್ತೂರಿನ ಕಂಪನಿ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಕಂಪನಿಗಳಿಗೆ ‘ಟಿಝಡ್’ ಎಂದಿರುತ್ತದೆ. ಈರೋಡು, ನೀಲಗಿರಿ, ಕೃಷ್ಣಗಿರಿ ಕಡೆಯ ಕಂಪನಿಗಳಲ್ಲಿ ಇದನ್ನೇ ಕಾಣುತ್ತೀರಿ. ಟೈಟಾನ್ ಬೆಂಗಳೂರಿನದೆಂದು ಹೆಚ್ಚಿನವರ ತಿಳಿವಳಿಕೆ. ಅದರ ನೋಂದಾಯಿತ ಕಚೇರಿ ಹೊಸೂರಿನಲ್ಲಿದೆ ಎಂಬುದನ್ನು ಈ ಎರಡು ಅಕ್ಷರವೇ ಹೇಳಿಬಿಡುತ್ತದೆ. ‘ಅಪ್ಪಟ ಮೈಸೂರಿನ ಕಂಪನಿ’ ಎಂದು ಹೇಳಿಕೊಂಡು ಬಂದವರ ಸಂಖ್ಯೆಯಲ್ಲಿ ದೂರದ ರಾಜ್ಯದ ಅಕ್ಷರ ಕಂಡರೆ ಕಾರಣ ಕೇಳುವ ಹಕ್ಕು ನಮಗಿದೆ.

ಮುಂದಿನ ಹೆಜ್ಜೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ. ಎಂಸಿಎ ಎಂದು ಕೇಳಿದರೆ ಗ್ರಂಥಾಲಯದ ಗಣಕಯಂತ್ರದಲ್ಲಿ ತೆರೆದುಕೊಡುತ್ತಾರೆ. ಉಚಿತ ಖಾತೆಯೊಂದನ್ನು ತೆರೆದು ಮಾಸ್ಟರ್ ಡಾಟಾ ಎಂಬಲ್ಲಿ ಹೆಸರನ್ನೋ ಸಿಐಎನ್ ಅನ್ನೋ ಹಾಕಬೇಕು. ಒಂದು ಪುಟ ಬರುತ್ತದೆ. ಅದನ್ನು ಅವಸರದಲ್ಲಿ ನೋಡಬೇಡಿ.

ಆ ಪುಟದಲ್ಲಿ ಅಧಿಕೃತ ಬಂಡವಾಳ, ಪಾವತಿಯಾದ ಬಂಡವಾಳ ಎಂದು ಎರಡು ಅಂಕಿ ಇರುತ್ತವೆ. ಅಧಿಕೃತ ಎಂದರೆ ಇಷ್ಟರವರೆಗೆ ಷೇರು ಹೊರಡಿಸಬಹುದು ಎಂಬ ಮಿತಿ. ಪಾವತಿಯಾದದ್ದು ಎಂದರೆ ಷೇರುದಾರರು ನಿಜವಾಗಿ ಹಾಕಿದ ಹಣ. ಏಜೆಂಟರು ಹೇಳುವುದು ಯಾವಾಗಲೂ ಮೊದಲನೆಯದನ್ನು. ನಾವು ನೋಡಿದ ಕಂಪನಿಗೆ ಅಧಿಕೃತ ಬಂಡವಾಳ 10 ಲಕ್ಷ, ಪಾವತಿಯಾದದ್ದು 1 ಲಕ್ಷ. ನಮ್ಮ ಸದಸ್ಯರು ಕಟ್ಟಬೇಕೆಂದಿದ್ದ ಹಣವೂ ಅಷ್ಟೇ! ಅದೇ ಪುಟದಲ್ಲಿ ಕೊನೆಯ ಬ್ಯಾಲೆನ್ಸ್ ಶೀಟಿನ ದಿನಾಂಕ ಇರುತ್ತದೆ. ಪ್ರತಿ ವರ್ಷ ಸಲ್ಲಿಸಬೇಕಾದದ್ದು ಎರಡು ವರ್ಷದಿಂದ ನಿಂತಿದ್ದರೆ ಲೆಕ್ಕ ತೋರಿಸಲು ಮನಸ್ಸಿಲ್ಲ ಎಂದೇ ಅರ್ಥ. ಇಲ್ಲಿ ಹಾಗೆಯೇ ಆಗಿತ್ತು. ಸ್ಥಿತಿ ಎಂಬಲ್ಲಿ ‘ಆಕ್ಟಿವ್’ ಎಂದಿದ್ದರೆ ಕಂಪನಿ ಬದುಕಿದೆ ಎಂದಷ್ಟೇ ತಿಳಿಯಿರಿ, ಸಾಚಾ ಎಂದಲ್ಲ. ‘ಸ್ಟ್ರೈಕ್ ಆಫ್’ ಎಂದಿದ್ದರೆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಲಾಗಿದೆ. 2017ರ ಸುಮಾರಿಗೆ ಹೀಗೆ 2 ಲಕ್ಷಕ್ಕೂ ಹೆಚ್ಚು ಕಂಪನಿಗಳನ್ನು ತೆಗೆದುಹಾಕಿದರು. ಅಂಥ ಕಂಪನಿಯ ಹೆಸರಿನಲ್ಲಿ ರಸೀದಿ ಹರಿದುಕೊಟ್ಟರೆ ಆ ರಸೀದಿಯನ್ನು ಉಪ್ಪಿನಕಾಯಿಯಂತೆ ಚಪ್ಪರಿಸಬೇಕಷ್ಟೆ.

ನಿರ್ದೇಶಕರ ಹೆಸರಿನ ಪಕ್ಕ ಡಿಐಎನ್ ಎಂಬ ಎಂಟು ಅಂಕಿ ಇರುತ್ತದೆ. ಅದನ್ನು ಹಿಡಿದು ಹುಡುಕಿದರೆ ಅದೇ ವ್ಯಕ್ತಿ ಬೇರೆ ಯಾವ ಯಾವ ಕಂಪನಿಯಲ್ಲಿ ಇದ್ದಾರೆ, ಇದ್ದರು ಎಂದು ಗೊತ್ತಾಗುತ್ತದೆ. ನಮ್ಮ ಮಟ್ಟಿಗೆ ಹೇಳುವುದಾದರೆ ಕಂಪನಿಗಿಂತ ಇದನ್ನೇ ಹೆಚ್ಚು ನೋಡಬೇಕು. ಕಂಪನಿ ಹೊಸದಿರಬಹುದು, ಮನುಷ್ಯ ಹಳಬ. ಇಲ್ಲಿನ ಇಬ್ಬರು ನಿರ್ದೇಶಕರಲ್ಲಿ ಒಬ್ಬರ ಹಿಂದಿನ ಕಂಪನಿ ಪಟ್ಟಿಯಿಂದ ಹೊಡೆದುಹಾಕಲ್ಪಟ್ಟದ್ದು.

ಇಷ್ಟು ಉಚಿತ. ಇನ್ನೂ ಒಳಗೆ ನೋಡಬೇಕೆಂದರೆ ಅದೇ ತಾಣದಲ್ಲಿ ಕಂಪನಿಯೊಂದಕ್ಕೆ 100 ರೂಪಾಯಿ ಶುಲ್ಕ ಕಟ್ಟಿ ಅದು ಸಲ್ಲಿಸಿದ ವಾರ್ಷಿಕ ವಿವರ, ಲೆಕ್ಕಪತ್ರ, ಸಾಲದ ಅಡಮಾನದ ದಾಖಲೆಗಳನ್ನು ಓದಬಹುದು. ಪ್ರೈವೇಟ್ ಕಂಪನಿಯ ಬಗ್ಗೆ ಹೊರಗಿನವರಿಗೆ ಸಿಗುವ ದೊಡ್ಡ ಬಾಗಿಲು ಇದೇ. ಷೇರುಪೇಟೆಯಲ್ಲಿರುವ ಕಂಪನಿಗೆ ಇಷ್ಟು ಕಷ್ಟವಿಲ್ಲ. ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲಿ ವಾರ್ಷಿಕ ವರದಿ ಯಾರಿಗಾದರೂ ಸಿಗುತ್ತದೆ.

ಈಗ ಠೇವಣಿಯ ಅನುಮತಿ. ಪ್ರೈವೇಟ್ ಕಂಪನಿ ಸಾರ್ವಜನಿಕರಿಂದ ಠೇವಣಿ ಪಡೆಯುವಂತಿಲ್ಲ. ಇದೊಂದು ವಾಕ್ಯ ನೆನಪಿದ್ದರೆ ನಮಗೆ ಬರುವ ಕರಪತ್ರಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ತೀರಿಹೋಗುತ್ತವೆ. ಪಬ್ಲಿಕ್ ಕಂಪನಿಯಾದರೂ ನಿವ್ವಳ ಮೌಲ್ಯ 100 ಕೋಟಿಯೋ ವಾರ್ಷಿಕ ವಹಿವಾಟು 500 ಕೋಟಿಯೋ ಇರಬೇಕು, ರೇಟಿಂಗ್ ಪಡೆದಿರಬೇಕು, ಮತ್ತು ಠೇವಣಿ ಪ್ರಕಟಣೆಯನ್ನು ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ ನೋಂದಾಯಿತ ಕಚೇರಿ ಇರುವ ರಾಜ್ಯದ ಭಾಷೆಯ ಪತ್ರಿಕೆಯಲ್ಲೂ ಹಾಕಿಸಬೇಕು. ಹಣಕಾಸು ಕಂಪನಿಯಾದರೆ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ನೋಡಬೇಕು. ಅಲ್ಲಿ ಹೆಸರಿದ್ದರೂ ಠೇವಣಿ ಪಡೆಯಲು ಅನುಮತಿ ಉಂಟೇ ಎಂದು ಬೇರೆ ನೋಡಬೇಕು. 2016ರಲ್ಲಿ ರಿಸರ್ವ್ ಬ್ಯಾಂಕು ತೆರೆದ ಸಚೇತ್ ಎಂಬ ತಾಣದಲ್ಲಿ ಈ ವಿಚಾರಣೆಯನ್ನೂ ಮಾಡಬಹುದು, ದೂರನ್ನೂ ಕೊಡಬಹುದು. ನಿಧಿ ಕಂಪನಿ ತನ್ನ ಸದಸ್ಯರಿಂದ ಮಾತ್ರ ಠೇವಣಿ ಪಡೆಯಬೇಕು. ಚೀಟಿ ವ್ಯವಹಾರಕ್ಕೆ 1982ರ ಕಾಯ್ದೆಯಂತೆ ರಾಜ್ಯದ ಚೀಟಿ ರಿಜಿಸ್ಟ್ರಾರರ ಮುಂಗಡ ಅನುಮತಿ ಬೇಕು. ಎರಡು ರಾಜ್ಯದಲ್ಲಿ ಶಾಖೆ ಇಟ್ಟುಕೊಂಡ ಸಹಕಾರ ಸಂಘವಾದರೆ ಅದು ಕಂಪನಿಯೇ ಅಲ್ಲ, ಎಂಸಿಎ ತಾಣದಲ್ಲಿ ಹುಡುಕಿ ಪ್ರಯೋಜನವಿಲ್ಲ. ಬಹುರಾಜ್ಯ ಸಹಕಾರ ಸಂಘಗಳ ಕೇಂದ್ರ ರಿಜಿಸ್ಟ್ರಾರರ ಪಟ್ಟಿ ನೋಡಬೇಕು.

ಪತ್ರಿಕೆಯ ಮಾತು ಬಂತಲ್ಲ, ಗಡಿನಾಡಿನವರ ನಿಜವಾದ ತೊಡಕು ಇಲ್ಲಿದೆ. ಕೊಯಮತ್ತೂರಿನಲ್ಲಿ ನೋಂದಾಯಿಸಿದ ಕಂಪನಿ ಕಾನೂನಿನಂತೆ ಪ್ರಕಟಣೆ ಕೊಡುವುದು ತಮಿಳಿನಲ್ಲಿ. ಬೆಂಗಳೂರಿನದಾದರೆ ಕನ್ನಡದಲ್ಲಿ. ಏಜೆಂಟರು ಮಾತ್ರ ಎರಡೂ ಕಡೆ ಓಡಾಡುತ್ತಾರೆ. ಆಚೆಗೆ ಹೆಸರು ಕೆಟ್ಟ ಮೇಲೆ ಈಚೆಗೆ ಬರುತ್ತಾರೆ, ಈಚೆಯ ಸುದ್ದಿ ಆಚೆಯ ಪತ್ರಿಕೆಯಲ್ಲಿ ಬಂದರೆ ಎರಡು ಸಾಲು. ಆದ್ದರಿಂದ ಕಂಪನಿಯ ಹೆಸರನ್ನೂ ನಿರ್ದೇಶಕರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು ಚಾಮರಾಜನಗರದಲ್ಲಿ ಕನ್ನಡ ಪತ್ರಿಕೆಗಳ ಹಳೆಯ ಕಟ್ಟು, ಸತ್ಯಮಂಗಲ ಅಥವಾ ಈರೋಡಿನಲ್ಲಿ ತಮಿಳು ಪತ್ರಿಕೆಗಳ ಕಟ್ಟು, ಎರಡನ್ನೂ ತಿರುವಿ. ತಮಿಳು ಓದಲು ಬಾರದ ಹಿರಿಯರು ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ನಮಗೆ ಮೊಮ್ಮಗಳೇ ಓದಿ ಹೇಳಿದ್ದು. ಹಿಂದಿನ ಕಂಪನಿಯ ಮೇಲೆ ಠೇವಣಿದಾರರು ದೂರು ಕೊಟ್ಟ ಸಣ್ಣ ಸುದ್ದಿ ತಮಿಳು ಪತ್ರಿಕೆಯ ಒಳಪುಟದಲ್ಲಿತ್ತು. ಕನ್ನಡ ಪತ್ರಿಕೆಗಳಲ್ಲಿ ಎಷ್ಟು ಹುಡುಕಿದರೂ ನಮಗೆ ಸಿಗಲಿಲ್ಲ. ನ್ಯಾಯಾಲಯದ ಪ್ರಕರಣಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ಹುಡುಕಬಹುದು, ಜಿಲ್ಲೆ ಜಿಲ್ಲೆಯಾಗಿ. ತಾಳ್ಮೆ ಬೇಕು.

ದೊಡ್ಡ ಗ್ರಂಥಾಲಯಗಳಿಗೆ ಹೋಗುವವರು ಆಕರ ವಿಭಾಗದಲ್ಲಿ ಕೊಠಾರಿಯವರ ಕೈಗಾರಿಕಾ ಡೈರೆಕ್ಟರಿ, ಮುಂಬೈ ಷೇರುಪೇಟೆಯ ಹಳೆಯ ಡೈರೆಕ್ಟರಿಗಳನ್ನು ಕೇಳಿ. ಪ್ರೊವೆಸ್, ಕ್ಯಾಪಿಟಲೈನ್ ಎಂಬ ಕಂಪನಿ ದತ್ತಾಂಶ ಕೋಶಗಳಿಗೆ ಕೆಲವು ವಿಶ್ವವಿದ್ಯಾಲಯ ಗ್ರಂಥಾಲಯಗಳು ಚಂದಾ ಕಟ್ಟುತ್ತವೆ. ಹೊರಗಿನವರಿಗೆ ನೋಡಲು ಬಿಡುತ್ತಾರೆಯೇ ಎಂದು ಪತ್ರ ಬರೆದು ಕೇಳಬೇಕು. ಚೆನ್ನೈನ ಕನ್ನೆಮಾರಾ ಗ್ರಂಥಾಲಯಕ್ಕೆ 1954ರ ಕಾಯ್ದೆಯಂತೆ ದೇಶದ ಪ್ರಕಟಣೆಗಳ ಪ್ರತಿ ಹೋಗಬೇಕು, ಹಳೆಯದಕ್ಕೆ ಅದು ಒಳ್ಳೆಯ ಜಾಗ. ಅಪ್ಪನ ಪೆಟ್ಟಿಗೆಯಲ್ಲಿ ಹಳೆಯ ಷೇರು ಪತ್ರ ಸಿಕ್ಕವರಿಗೆ ಈ ಡೈರೆಕ್ಟರಿಗಳು ಬಹಳ ಉಪಕಾರಿ. ಟೈಟಾನ್ ವಾಚಸ್ ಈಗ ಟೈಟಾನ್ ಕಂಪನಿ. ವೈಶ್ಯ ಬ್ಯಾಂಕು ಐಎನ್‌ಜಿ ವೈಶ್ಯವಾಗಿ 2015ರಲ್ಲಿ ಕೋಟಕ್ ಮಹೀಂದ್ರದಲ್ಲಿ ಸೇರಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಯಲ್ಲಿ ಸೇರಿತು. ಹೆಸರು ಹೋಯಿತೆಂದು ಪತ್ರವನ್ನು ಒಲೆಗೆ ಹಾಕಬೇಡಿ.

ವ್ಯಾಪಾರಿಯ ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆಯಿಂದಲೂ ಕೆಲವು ಸಂಗತಿ ತಿಳಿಯುತ್ತದೆ. 15ರಲ್ಲಿ ಮೊದಲ ಎರಡು ಅಂಕಿ ರಾಜ್ಯ: 33 ತಮಿಳುನಾಡು, 29 ಕರ್ನಾಟಕ, 32 ಕೇರಳ. ಆರನೆಯ ಅಕ್ಷರ ‘ಸಿ’ ಆದರೆ ಕಂಪನಿ, ‘ಎಫ್’ ಆದರೆ ಪಾಲುದಾರಿಕೆ, ‘ಪಿ’ ಆದರೆ ಒಬ್ಬ ವ್ಯಕ್ತಿ. ನಾವು ಕಂಪನಿ ಎಂದು ಎದೆ ತಟ್ಟಿಕೊಳ್ಳುವವರ ಬಿಲ್ಲಿನಲ್ಲಿ ‘ಪಿ’ ಕಂಡರೆ ಬಾಕಿ ವಸೂಲಿಗೆ ಆ ಒಬ್ಬರ ಮನೆ ಬಾಗಿಲಿಗೇ ಹೋಗಬೇಕು. ಕೋಸು, ಟೊಮೆಟೊ ಕೊಳ್ಳುವ ಎಲ್ಲರಿಗೂ ಜಿಎಸ್‌ಟಿ ಇರಬೇಕೆಂದಿಲ್ಲ. ಇಲ್ಲದ್ದನ್ನೇ ತಪ್ಪೆಂದು ಹಿಡಿಯಬೇಡಿ.

ಇಷ್ಟೆಲ್ಲ ಬುದ್ಧಿ ಹೇಳುವ ನಾವೇನು ಜಾಣರಾಗಿ ಹುಟ್ಟಿದವರಲ್ಲ. ತೊಂಬತ್ತರ ದಶಕದಲ್ಲಿ ತೇಗದ ಮರದ ಕಂಪನಿಗಳು ಮಳೆಗಾಲದ ಅಣಬೆಯಂತೆ ಎದ್ದಾಗ ಕಚೇರಿಯ ಮುಂಗಡ ತೆಗೆದು ಒಂದಕ್ಕೆ ನಾವೂ ಕಟ್ಟಿದೆವು. ಇಪ್ಪತ್ತು ವರ್ಷಕ್ಕೆ ಮರ ನಮ್ಮದು ಎಂದಿತ್ತು. ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ಸೆಬಿ ನಿಯಮ ಮಾಡಿದ್ದು 1999ರಲ್ಲಿ. ಅಷ್ಟರಲ್ಲಿ ನಮ್ಮ ಕಂಪನಿಯ ವಿಳಾಸದಲ್ಲಿ ಬೇರೆ ಯಾರೋ ಟೈಲರ್ ಅಂಗಡಿ ಇಟ್ಟಿದ್ದರು. ದಿನವಿಡೀ ಬೇರೆಯವರ ಕಡತ ಪರಿಶೀಲಿಸಿ ಟಿಪ್ಪಣಿ ಬರೆಯುತ್ತಿದ್ದ ನಾವು ನಮ್ಮ ಹಣಕ್ಕೆ ಒಂದು ಸಾಲಿನ ಟಿಪ್ಪಣಿಯನ್ನೂ ಬರೆದುಕೊಂಡಿರಲಿಲ್ಲ. ಆ ಪತ್ರ ಇವತ್ತಿಗೂ ಇದೆ, ಮರದ ಚಿತ್ರ ಬಲು ಚೆನ್ನಾಗಿದೆ.

ಕರಪತ್ರ ತಂದ ಸದಸ್ಯರು ಹಣ ಕಟ್ಟಲಿಲ್ಲ. ಆದರೆ ಇದೇ ಯೋಜನೆಗೆ ಗಡಿಯಾಚೆಯ ಮತ್ತೊಬ್ಬ ಸದಸ್ಯರು ಎರಡು ತಿಂಗಳ ಹಿಂದೆಯೇ 40,000 ಕಟ್ಟಿದ್ದಾರೆಂದು ಆಮೇಲೆ ತಿಳಿಯಿತು. ಒಂದು ತಿಂಗಳ 2,000 ಬಂದಿದೆ, ಆದ್ದರಿಂದ ಅವರಿಗೆ ಸಿಟ್ಟು ಇರುವುದು ನಮ್ಮ ಮೇಲೆ. ರಸೀದಿ ನೋಡಿದೆವು, ಕಂಪನಿಯ ಹೆಸರಿಲ್ಲ, ಹಣ ಹೋದದ್ದು ಒಬ್ಬ ವ್ಯಕ್ತಿಯ ಖಾತೆಗೆ. ಇಂಥ ಸ್ಥಿತಿಯಲ್ಲಿರುವವರು ಕರಪತ್ರ, ರಸೀದಿ, ಬ್ಯಾಂಕಿನ ನಮೂದು, ಏಜೆಂಟರ ಸಂದೇಶ ಯಾವುದನ್ನೂ ಕಳೆಯಬೇಡಿ. ತಮಿಳುನಾಡಿನಲ್ಲಿ 1997ರ, ಕರ್ನಾಟಕದಲ್ಲಿ 2004ರ, ಕೇರಳದಲ್ಲಿ 2013ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಗಳಿವೆ. ಇಡೀ ದೇಶಕ್ಕೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಇದೆ. ಹಣ ಎಲ್ಲಿ ಕೊಟ್ಟಿರಿ, ಕಚೇರಿ ಎಲ್ಲಿದೆ ಎಂಬ ಎರಡನ್ನೂ ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಇಲ್ಲವಾದರೆ ಆ ರಾಜ್ಯಕ್ಕೆ ಹೋಗಿ, ಈ ರಾಜ್ಯಕ್ಕೆ ಹೋಗಿ ಎಂದು ಅಲೆಸುವುದು ಗಡಿಯವರಿಗೆ ಹೊಸತೇನಲ್ಲ. ಆ ಸದಸ್ಯರ ಅರ್ಜಿಯನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದಿಟ್ಟಿದ್ದೇವೆ, ಅವರು ಸಹಿ ಹಾಕುವುದಷ್ಟೇ ಬಾಕಿ.

ಮುಂದಿನ ಸಭೆಯ ದಿನ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ಕೊಠಡಿಯಲ್ಲಿ ಇಂಥ ಕಾಗದಗಳನ್ನು ನೋಡಿಕೊಡಲು ನಾವು ಕುಳಿತಿರುತ್ತೇವೆ. ಶುಲ್ಕವಿಲ್ಲ. ಇಂಗ್ಲಿಷ್, ತಮಿಳು ಓದಿಕೊಡಲು ಇಬ್ಬರು ಹುಡುಗರು ಒಪ್ಪಿದ್ದಾರೆ. ಹೊಸೂರು, ಗೂಡಲೂರು, ಕಾಸರಗೋಡಿನ ಸದಸ್ಯರು ಫೋಟೊ ತೆಗೆದು ಕಳುಹಿಸಿದರೂ ಆದೀತು. ಕರಪತ್ರದ ಎರಡೂ ಬದಿ ಇರಲಿ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವುದೇ ನಮಗೆ ಹೆಚ್ಚು ಬೇಕಾಗುವುದು.